ಹಟ್ಟಿಯ ಆಳದಲ್ಲಿ ಉಸಿರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಸ್ಕಿಯನ್ನು ಲೋಕವು ಅಶೋಕನ ಹೆಸರನ್ನೇ ಹೊತ್ತ ಶಾಸನದಿಂದ ಬಲ್ಲುದು. ಆದರೆ 1915ರಲ್ಲಿ ಆ ಶಿಲಾಲೇಖವನ್ನು ಬೆಳಕಿಗೆ ತಂದವನು ಇತಿಹಾಸಜ್ಞನಲ್ಲ, ನಿಜಾಮರ ರಾಜ್ಯದಲ್ಲಿ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದ ಬೀಡನ್ ಎಂಬ ಇಂಜಿನಿಯರು. ಶಾಸನವನ್ನು ಕುರಿತು ಬರೆದವರು ಬಹುಮಂದಿ. ಆ ಚಿನ್ನಕ್ಕಾಗಿ ಭೂಗರ್ಭಕ್ಕಿಳಿದವರ ಉಸಿರನ್ನು ಕುರಿತು ಬರೆದವರು ವಿರಳ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಗಣಿಕಾರರು ಹಳೆಯ ಸುರಂಗಗಳನ್ನು ತೆರವುಗೊಳಿಸಿದಾಗ, ಪ್ರಾಚೀನರು ಸುಮಾರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರೆಂಬುದು ತಿಳಿದುಬಂದಿತು. ಅಲ್ಲಿ ದೊರೆತ ಮರದ ತುಂಡುಗಳ ವಯಸ್ಸನ್ನು ಅಳೆದವರು ಅವು ಸುಮಾರು ಎರಡು ಸಹಸ್ರ ವರ್ಷಗಳಷ್ಟು ಹಳೆಯವೆಂದು ನಿರ್ಣಯಿಸಿದರು. ಬೆಣಚುಕಲ್ಲಿಗೆ ಬೆಂಕಿಯಿಟ್ಟು, ಕಾದ ಬಂಡೆಯ ಮೇಲೆ ನೀರೆರಚಿ ಸೀಳಿಸುವುದು ಆ ಕಾಲದ ವಿಧಾನ. ಉಳಿ ಸುತ್ತಿಗೆಗಳಿಗೆ ಮಣಿಯದ ಶಿಲೆಯು ಅಗ್ನಿಗೆ ಮಣಿಯಿತು ನಿಜ. ಆದರೆ ಅದೇ ಅಗ್ನಿಯು ಇಕ್ಕಟ್ಟಾದ ಸುರಂಗದೊಳಗಿನ ಪ್ರಾಣವಾಯುವನ್ನೂ ನುಂಗಿ, ವಾಸನೆಯೂ ಬಣ್ಣವೂ ಇಲ್ಲದ ವಿಷಾನಿಲವನ್ನು ಉಳಿಸಿತು. ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲಿರುವ ಆಮ್ಲಜನಕವು ಹದಿನಾರರ ಆಸುಪಾಸಿಗೆ ಇಳಿದರೆ ದೀಪ ನಂದುವುದು; ಆ ವಿಷವಾದರೋ ಉರಿಯುವ ದೀಪದ ಎದುರಿನಲ್ಲಿಯೇ ಮನುಷ್ಯನನ್ನು ಕೆಡವಬಲ್ಲುದು.

ಸುಮ್ಮನೆ ಕುಳಿತವನಿಗೆ ನಿಮಿಷಕ್ಕೆ ಆರೆಂಟು ಲೀಟರು ಗಾಳಿ ಸಾಕು. ಕಲ್ಲು ಒಡೆಯುವವನಿಗೆ, ಹೊರೆ ಹೊತ್ತು ಏರುವವನಿಗೆ ಅದರ ಹಲವು ಪಟ್ಟು ಬೇಕು. ಏರುವವನು ಹೊರೆಯೊಡನೆ ತನ್ನ ದೇಹವನ್ನೂ ಎತ್ತಬೇಕಾದುದರಿಂದ ಸ್ಥೂಲಕಾಯನಿಗೆ ವೆಚ್ಚ ಹೆಚ್ಚು, ಪಳಗಿದ ಮೈಯವನಿಗೆ ಕಡಿಮೆ. ಸಹಜವಾದ ಒಂದು ಉಸಿರಿನ ಅರ್ಧ ಲೀಟರಿನಲ್ಲಿ ಸುಮಾರು 150 ಮಿಲಿಲೀಟರು ಶ್ವಾಸನಾಳದಲ್ಲಿಯೇ ನಿಂತು ವ್ಯರ್ಥವಾಗುವುದರಿಂದ, ಭಯಪಟ್ಟು ಮೇಲುಸಿರು ಬಿಡುವವನು ಬಹಳ ಗಾಳಿಯನ್ನು ಎಳೆದರೂ ಸ್ವಲ್ಪವನ್ನೇ ಪಡೆಯುತ್ತಾನೆ. ನಿಧಾನವಾಗಿ ಆಳವಾಗಿ ಉಸಿರಾಡುವವನಿಗೆ ಆ ನಷ್ಟ ಕಡಿಮೆ.

ಇಂದು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಕಡಲೊಳಗೆ ಮುಳುಗುವವರಿಗೆ ಕಲಿಸುವುದೂ ಈ ಪಾಠವನ್ನೇ. ಅಲ್ಲಿ ಹತ್ತು ಮೀಟರಿನ ಆಳಕ್ಕೆ ಒತ್ತಡ ಇಮ್ಮಡಿಯಾಗಿ, ಪ್ರತಿಯೊಂದು ಉಸಿರಿಗೂ ಸಿಲಿಂಡರಿನ ಗಾಳಿ ಎರಡರಷ್ಟು ಖರ್ಚಾಗುವುದು. ಹಟ್ಟಿಯ 640 ಅಡಿಯಲ್ಲಿ ಒತ್ತಡ ಏರುವುದು ನೂರಕ್ಕೆ ಎರಡರಷ್ಟು ಮಾತ್ರ. ಮುಳುಗುಗಾರನಿಗಾದರೋ ಬೆನ್ನ ಮೇಲೆ ಶುದ್ಧವಾದ ಗಾಳಿಯುಂಟು, ಅದೆಷ್ಟು ಉಳಿಯಿತೆಂದು ತೋರಿಸುವ ಮಾಪಕವುಂಟು. ನಮ್ಮ ಗಣಿಯಾಳಿಗೆ ಇವೆರಡೂ ಇರಲಿಲ್ಲ. ಬೆಂಕಿ ಆರಿದ ಬಳಿಕ ಎಷ್ಟು ಹೊತ್ತು ಕಾಯಬೇಕು, ಯಾವ ನಡಿಗೆಯಲ್ಲಿ ಏರಬೇಕು, ತಲೆ ಭಾರವಾದರೆ ಎಲ್ಲಿಂದ ಹಿಂದಿರುಗಬೇಕು ಎಂಬ ವಿವೇಕವನ್ನು ಅವನು ತನ್ನ ಎದೆಗೂಡಿನಿಂದಲೇ ಕಲಿತಿರಬೇಕು. ಅದನ್ನು ಮಗನಿಗೆ ಕಲಿಸಿಯೂ ಇರಬೇಕು. ನನ್ನ ಮಟ್ಟಿಗೆ ಈ ಸೀಮೆಯ ಅತ್ಯಂತ ಗಹನವಾದ ವಿದ್ಯೆ ಇದೇ.

ಹೊತ್ತು ತಂದ ಅದಿರನ್ನು ಅರೆದುದು ಮೇಲೆ, ಬಯಲಿನಲ್ಲಿ. ಹಟ್ಟಿಯ ಸುತ್ತಣ ಬಂಡೆಗಳ ಮೇಲೆ ಅರೆದು ಅರೆದು ಸವೆದ ಕುಳಿಗಳು ಕಂಡುಬಂದಿವೆ. ಅವುಗಳ ಪಕ್ಕದಲ್ಲಿ ಕುಳಿತು ದುಡಿದವರಿಗೆ ಗಾಳಿಯ ಕೊರತೆಯಿರಲಿಲ್ಲ.