ಕಿಸುಕಾಡಿನ ಅಕ್ಕಾದೇವಿ: ಕಲ್ಯಾಣ ಚಾಲುಕ್ಯರ ಆಡಳಿತದಲ್ಲಿ ರಾಜಸ್ತ್ರೀಯರು

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅರಸುಮನೆತನದ ಹೆಣ್ಣುಮಕ್ಕಳು ನಾಡುಗಳನ್ನು ಆಳಿದ್ದಕ್ಕೆ ಹಳೆಯ ಧಾರವಾಡ ಜಿಲ್ಲೆಯ ಶಾಸನಗಳಲ್ಲಿ ಗಟ್ಟಿ ಆಧಾರಗಳಿವೆ. ಅವರಲ್ಲಿ ಎದ್ದು ಕಾಣುವವಳು ಅಕ್ಕಾದೇವಿ. ಈಕೆ ದಶವರ್ಮನ ಮಗಳು, ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿ. 1010ರ ಹೊತ್ತಿಗೇ ಕಿಸುಕಾಡು-70 ಎಂಬ ನಾಡು ಈಕೆಯ ಆಳ್ವಿಕೆಯಲ್ಲಿತ್ತು. ಸೋದರಳಿಯ ಒಂದನೆಯ ಸೋಮೇಶ್ವರ ಪಟ್ಟಕ್ಕೆ ಬಂದ ಮೇಲೂ ಅಧಿಕಾರ ಕೈತಪ್ಪಲಿಲ್ಲ. 1047ರ ಅರಸಿಬೀಡಿಯ ಶಾಸನ ಹೊರಟಾಗ ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಬೀಡು ಬಿಟ್ಟಿದ್ದಳು.

ಇತಿಹಾಸಕಾರರು ಸಾಮಾನ್ಯವಾಗಿ ಈ ಮುತ್ತಿಗೆಯನ್ನೇ ಎತ್ತಿ ಹೇಳುತ್ತಾರೆ. ಆದರೆ ಆಡಳಿತದ ದೃಷ್ಟಿಯಿಂದ 1050ರ ಸೂಡಿ ಶಾಸನದ ತೂಕ ಹೆಚ್ಚು. ಚೋಳರೊಡನೆ ನಡೆದ ಯುದ್ಧದಲ್ಲಿ ಸೂಡಿಯ ಎಂಟು ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಹಿಂದಿನ ಕಟ್ಟುಕಟ್ಟಳೆ ಹದಗೆಟ್ಟಿತ್ತು. ವಿಕ್ರಮಪುರದಲ್ಲಿದ್ದ ಅಕ್ಕಾದೇವಿ ತನ್ನ ಅಧಿಕಾರಿಗಳನ್ನು ಕೂಡಿಸಿ ಅದನ್ನು ಮತ್ತೆ ಊರ್ಜಿತಗೊಳಿಸಿದಳು. ಇದು ದೇವರಿಗೆ ಬಿಟ್ಟ ದತ್ತಿಯಲ್ಲ. ಪೇಟೆಯ ಜನರ ಹಕ್ಕುಬಾಧ್ಯತೆಗಳನ್ನು ಮರಳಿ ಕಟ್ಟಿಕೊಟ್ಟ ರಾಜಕಾರ್ಯ.

ಅಕ್ಕಾದೇವಿ ಒಬ್ಬಳೇ ಅಪವಾದವೆನ್ನುವಂತಿಲ್ಲ. ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ-12000ದಂಥ ದೊಡ್ಡ ಪ್ರಾಂತವನ್ನು ಆಳುತ್ತಿದ್ದಳು. ಇನ್ನೊಬ್ಬ ರಾಣಿ ಕೇತಲದೇವಿಯ ವಶದಲ್ಲಿ ಪೊನ್ನವಾಡ ಅಗ್ರಹಾರವಿತ್ತು. ಆರನೆಯ ವಿಕ್ರಮಾದಿತ್ಯನ ಪಿರಿಯರಸಿ ಲಕ್ಷ್ಮಾದೇವಿಗೆ ಹದಿನೆಂಟು ಅಗ್ರಹಾರಗಳೂ ಧರ್ಮಪುರವೂ ಸೇರಿದ್ದವು. ಧರ್ಮಪುರವೆಂದರೆ ಗದಗಿನ ಬಳಿಯ ಡಂಬಳ. ಈ ಸಂಗತಿ ತಿಳಿಯುವುದು ಬೌದ್ಧ ವಿಹಾರವೊಂದಕ್ಕೆ ಸಂಬಂಧಿಸಿದ ಅಲ್ಲಿಯ 1095ರ ಶಾಸನದಿಂದ.

ಪಟ್ಟ ಬರಿದಾದಾಗ ರಾಣಿಯರು ಅಧಿಕಾರ ವಹಿಸಿಕೊಂಡ ಉದಾಹರಣೆಗಳು ಬೇರೆಡೆಯೂ ಇವೆ. ಮಂಗೋಲ್ ಸಾಮ್ರಾಜ್ಯದಲ್ಲಿ ರಾಣಿ ತೊರೆಗೆನೆ 1241ರಿಂದ 1246ರವರೆಗೆ ಆಳಿದ್ದು ಗಂಡ ಒಗೆದೈ ತೀರಿಕೊಂಡು ಪಟ್ಟ ಬರಿದಾಗಿದ್ದಾಗ. ಬಾದಾಮಿ ಚಾಲುಕ್ಯರ ವಿಜಯಭಟ್ಟಾರಿಕೆಯೂ ಗಂಡ ಚಂದ್ರಾದಿತ್ಯನ ನಂತರ ಆಡಳಿತ ವಹಿಸಿಕೊಂಡವಳೆಂದು ವಿದ್ವಾಂಸರು ಊಹಿಸುತ್ತಾರೆ. ಕಲ್ಯಾಣದ ರಾಜಸ್ತ್ರೀಯರ ಸಂಗತಿಯೇ ಬೇರೆ: ಸಮರ್ಥ ಅರಸರು ಸಿಂಹಾಸನದಲ್ಲಿರುವಾಗಲೇ ಇವರ ಪಾಲಿಗೆ ನಾಡು ಬಂದಿತ್ತು. ಶಾಸನಗಳು ಇವರ ಆಳ್ವಿಕೆಯನ್ನು ಗಂಡು ಮಾಂಡಲಿಕರ ಆಳ್ವಿಕೆಯಂತೆಯೇ ಬಣ್ಣಿಸುತ್ತವೆ. ಆದರೂ ಜನರ ನೆನಪಿನಲ್ಲಿ ಉಳಿಯುವುದು ಯುದ್ಧವೇ ಹೊರತು ಆಡಳಿತವಲ್ಲ. ಧಾರವಾಡದ ನೆರೆಯ ಕಿತ್ತೂರಿನ ಚೆನ್ನಮ್ಮ 1824ರ ಯುದ್ಧದಿಂದ ಮನೆಮಾತಾದಳು. ಕಂದಾಯ, ಕಟ್ಟಳೆ, ಅಗ್ರಹಾರಗಳ ಉಸ್ತುವಾರಿ ಲಾವಣಿಗೆ ಒದಗುವ ವಸ್ತುವಲ್ಲ. ರಾಜವಂಶಾವಳಿ ಹಿಡಿದು ಬರೆದ ಚರಿತ್ರೆಯಲ್ಲೂ ಅವಕ್ಕೆ ಸಿಕ್ಕ ಜಾಗ ಅಷ್ಟಕ್ಕಷ್ಟೇ.