ಓಡುವಾಗಲೇ ಎಂಜಿನ್ ಆಫ್ ಆದರೆ ಬ್ರೇಕ್ ಹಿಡಿಯಲ್ವಾ? ಟರ್ಬೊ ಕಾರು ಇರುವವರು ತಿಳಿದಿರಬೇಕಾದ ಸಂಗತಿಗಳು

“ಓಡುತ್ತಿರುವ ಕಾರಿನ ಎಂಜಿನ್ ಆಫ್ ಆದರೆ ಬ್ರೇಕ್ ಹಿಡಿಯೋದಿಲ್ಲ, ಸ್ಟೀರಿಂಗ್ ಲಾಕ್ ಆಗುತ್ತೆ. ಬ್ರೇಕ್ ಪೆಡಲ್ಲನ್ನು ಪಂಪ್ ಮಾಡ್ತಾನೇ ಇರಿ.” ಇಂಥ ಸಲಹೆಯನ್ನು ನೀವೂ ಕೇಳಿರಬಹುದು. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಪಂಪ್ ಮಾಡಿ ಎನ್ನುವ ಮಾತು ಅಪಾಯಕಾರಿ. ವೇಗದ ಟರ್ಬೊ ಕಾರುಗಳು ಈಗ ನಮ್ಮ ರಸ್ತೆಗಳಲ್ಲೂ ಸಾಮಾನ್ಯ. ಹಾಗಾಗಿ ಎಂಜಿನ್ ನಿಂತ ಕ್ಷಣದಲ್ಲಿ ನಿಜವಾಗಿ ಏನಾಗುತ್ತದೆ ಎಂದು ಒಮ್ಮೆ ತಿಳಿದುಕೊಳ್ಳೋಣ.

ಚುಟುಕಾಗಿ ಹೇಳುವುದಾದರೆ: ಎಂಜಿನ್ ನಿಂತರೂ ಬ್ರೇಕ್ ಇರುತ್ತದೆ, ಸ್ಟೀರಿಂಗ್ ಕೂಡ ತಿರುಗುತ್ತದೆ. ಹೋಗುವುದು ಅವುಗಳಿಗೆ ಎಂಜಿನ್‌ನಿಂದ ಸಿಗುತ್ತಿದ್ದ ಸಹಾಯ ಮಾತ್ರ.

ಬ್ರೇಕ್‌ಗೆ ಏನಾಗುತ್ತದೆ?

ನೀವು ಪೆಡಲ್ ಒತ್ತಿದಾಗ ಆ ಬಲ ಬ್ರೇಕ್ ಆಯಿಲ್ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಇದಕ್ಕೆ ಎಂಜಿನ್ ಓಡುತ್ತಿರಲೇಬೇಕೆಂದಿಲ್ಲ. ಆದರೆ ಕಾಲಿನ ಬಲವೊಂದೇ ಸಾಕಾಗುವುದಿಲ್ಲವಾದ್ದರಿಂದ ನಡುವೆ ‘ಬೂಸ್ಟರ್’ ಎಂಬ ದುಂಡನೆಯ ಡಬ್ಬಿ ಇರುತ್ತದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ಬಳಸಿಕೊಂಡು ಅದು ನಿಮ್ಮ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಡೀಸೆಲ್ ಕಾರುಗಳಲ್ಲಿ ಮತ್ತು ಅನೇಕ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಈ ಕೆಲಸಕ್ಕೆ ಬೇರೆ ಪಂಪ್ ಇರುತ್ತದೆ.

ಎಂಜಿನ್ ನಿಂತ ಕೂಡಲೇ ಬೂಸ್ಟರ್ ಖಾಲಿಯಾಗುವುದಿಲ್ಲ. ಒಳಗಿನ ವಾಲ್ವ್ ನಿರ್ವಾತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೆರಡು ಸಲ ಚೆನ್ನಾಗಿ ಬ್ರೇಕ್ ಹಿಡಿಯುವಷ್ಟು ಸಹಾಯ ಅದರಲ್ಲಿ ಉಳಿದಿರುತ್ತದೆ. ಪೆಡಲ್ ಪಂಪ್ ಮಾಡಿದರೆ ಆ ಉಳಿತಾಯವನ್ನೇ ಖರ್ಚು ಮಾಡಿದಂತೆ. ಪ್ರತಿ ಸಲ ಕಾಲು ತೆಗೆದು ಮತ್ತೆ ಒತ್ತಿದಾಗಲೂ ನಿರ್ವಾತ ಕಡಿಮೆಯಾಗುತ್ತಾ ಹೋಗುತ್ತದೆ.

ಇದನ್ನು ಮನೆಯ ಮುಂದೆಯೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಎಂಜಿನ್ ಆಫ್ ಮಾಡಿ. ಬ್ರೇಕ್ ಪೆಡಲ್ಲನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ. ಅದೇ ಬೂಸ್ಟರ್‌ನ ಸಹಾಯ.

ಬೂಸ್ಟರ್ ಪೂರ್ತಿ ಖಾಲಿಯಾದರೂ ಕಾರು ನಿಲ್ಲಲೇಬೇಕು ಎನ್ನುತ್ತವೆ ನಿಯಮಗಳು. ವಿಶ್ವಸಂಸ್ಥೆಯ ಬ್ರೇಕ್ ನಿಯಮದ ಪ್ರಕಾರ, 100 ಕಿ.ಮೀ. ವೇಗದಲ್ಲಿರುವ ಕಾರು ಮಾಮೂಲಿ ಬ್ರೇಕ್‌ನಲ್ಲಿ 70 ಮೀಟರ್ ಒಳಗೆ ನಿಲ್ಲಬೇಕು. ಬೂಸ್ಟರ್ ಇಲ್ಲದಿದ್ದಾಗ 168 ಮೀಟರ್ ಒಳಗೆ ನಿಲ್ಲಬೇಕು. ಇದಕ್ಕಾಗಿ ಪೆಡಲ್ ಮೇಲೆ ಹಾಕಬಹುದಾದ ಗರಿಷ್ಠ ಬಲ 500 ನ್ಯೂಟನ್, ಅಂದರೆ ಸುಮಾರು 50 ಕೆಜಿ ತೂಕ ಇಟ್ಟಷ್ಟು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗದ ಮಿತಿಯೂ 100 ಕಿ.ಮೀ. ಎಂಬುದನ್ನು ನೆನಪಿಡಿ. ಬ್ರೇಕ್ ಇರುತ್ತದೆ, ಆದರೆ ಜಾಗವೂ ಬಲವೂ ಹೆಚ್ಚು ಬೇಕು.

ಸ್ಟೀರಿಂಗ್ ಲಾಕ್ ಆಗುತ್ತಾ?

ಎಂಜಿನ್ ನಿಂತ ಮಾತ್ರಕ್ಕೆ ಆಗುವುದಿಲ್ಲ. ಹಳೆಯ ಹೈಡ್ರಾಲಿಕ್ ಪವರ್ ಸ್ಟೀರಿಂಗ್‌ನ ಪಂಪ್ ಎಂಜಿನ್ ಜೊತೆಗೇ ನಿಲ್ಲುತ್ತದೆ. ಎಲೆಕ್ಟ್ರಿಕ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಬ್ಯಾಟರಿಯಿಂದ ಸ್ವಲ್ಪ ಹೊತ್ತು ಸಹಾಯ ಸಿಗುತ್ತದೆ, ಕೆಲವದರಲ್ಲಿ ಸಿಗುವುದಿಲ್ಲ. ವೇಗ ಇರುವಾಗ ಸ್ಟೀರಿಂಗ್ ಅಷ್ಟು ಭಾರ ಅನಿಸದು. ವೇಗ ಇಳಿದಂತೆ ಭಾರವಾಗುತ್ತದೆ. ಪರ್ಫಾರ್ಮೆನ್ಸ್ ಕಾರುಗಳ ಅಗಲ ಟೈರ್‌ಗಳಿಂದ ಈ ಭಾರ ಇನ್ನೂ ಹೆಚ್ಚು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತಿರುಗಿಸಿ, ತಿರುಗುತ್ತದೆ.

ನಿಜವಾಗಿಯೂ ಸ್ಟೀರಿಂಗ್ ಲಾಕ್ ಆಗಬಹುದಾದದ್ದು ಗಾಬರಿಯಲ್ಲಿ ಕೀ ಹೊರಗೆ ತೆಗೆದಾಗ. ಹಾಗಾಗಿ ಕಾರು ಪೂರ್ತಿ ನಿಲ್ಲುವವರೆಗೆ ಕೀ ಮುಟ್ಟಿ ಆಫ್ ಮಾಡಬೇಡಿ.

ಕೀ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣ ಸಾಕ್ಷಿ. ಷೆವರ್ಲೆ ಕೋಬಾಲ್ಟ್ ಮುಂತಾದ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಓಡುವಾಗಲೇ ಕೀ ‘ಆನ್’ ಸ್ಥಾನದಿಂದ ಜಾರಿ ಎಂಜಿನ್ ನಿಂತುಹೋಗುತ್ತಿತ್ತು. ಅದರ ಜೊತೆಗೆ ಏರ್‌ಬ್ಯಾಗ್ ಕೂಡ ಆಫ್ ಆಗುತ್ತಿತ್ತು. 2014ರಲ್ಲಿ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಕಂಪನಿಯ ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು.

ಟರ್ಬೊ ಎಂಜಿನ್ ಯಾಕೆ ಹೀಗೆ ಕೈಕೊಡುತ್ತದೆ?

ಫ್ಯೂಯಲ್ ಪಂಪ್, ಸೆನ್ಸರ್, ವೈರಿಂಗ್ ತೊಂದರೆಯಿಂದ ಎಂಜಿನ್ ಸದ್ದಿಲ್ಲದೆ ನಿಲ್ಲಬಹುದು. ಇದು ಅಷ್ಟೇನೂ ದುಬಾರಿಯಲ್ಲ. ದುಬಾರಿಯಾಗುವುದು ಆಯಿಲ್ ತಲುಪದೆ ಎಂಜಿನ್ ಹಾಳಾದಾಗ. ಟರ್ಬೊದ ಒಳಗಿನ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸಲ ತಿರುಗಬಲ್ಲದು. ಅದನ್ನು ಮತ್ತು ಎಂಜಿನ್ ಒಳಗಿನ ಬೇರಿಂಗ್‌ಗಳನ್ನು ಕಾಪಾಡುವುದು ಆಯಿಲ್‌ನ ತೆಳುವಾದ ಪದರ ಮಾತ್ರ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಜಾಮ್ ಆಗುತ್ತದೆ.

2015ರಲ್ಲಿ ಹುಂಡೈ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಕಾರಣಕ್ಕೆ. ಅವುಗಳಲ್ಲಿ 2.0 ಲೀಟರ್ ಟರ್ಬೊ ಎಂಜಿನ್ ಕಾರುಗಳೂ ಇದ್ದವು. ತಯಾರಿಕೆಯ ವೇಳೆ ಉಳಿದುಹೋದ ಲೋಹದ ಚೂರುಗಳು ಆಯಿಲ್ ಹರಿಯುವ ದಾರಿಗೆ ಅಡ್ಡವಾಗಿ ಬೇರಿಂಗ್ ಸವೆಯುತ್ತಿತ್ತು. ಎಂಜಿನ್ ನಿಲ್ಲುವ ಮುನ್ನ ‘ಟಕ್ ಟಕ್’ ಎಂಬ ಸದ್ದು ಕೇಳಿಸಬಹುದು ಎಂದು ಮಾಲೀಕರಿಗೆ ತಿಳಿಸಲಾಗಿತ್ತು. ಆ ಸದ್ದೇ ಎಚ್ಚರಿಕೆ.

ಎಂಜಿನ್ ನಿಂತ ಕ್ಷಣ ಏನು ಮಾಡಬೇಕು?

1. ಮೊದಲು ಹಜಾರ್ಡ್ ಲೈಟ್ ಹಾಕಿ. ಹಿಂದಿನವರಿಗೆ ನಿಮ್ಮ ಕಷ್ಟ ಗೊತ್ತಾಗಲಿ.
2. ಮ್ಯಾನುಯಲ್ ಕಾರಾದರೆ ಕ್ಲಚ್ ಒತ್ತಿ, ಆಟೊಮ್ಯಾಟಿಕ್ ಆದರೆ ‘ಎನ್’ಗೆ ಹಾಕಿ. ಇರುವ ವೇಗದಲ್ಲೇ ಕಾರು ಮುಂದೆ ಸಾಗಲಿ. ‘ಪಿ’ಗೆ ಹಾಕಲೇಬೇಡಿ.
3. ಕನ್ನಡಿ ನೋಡಿಕೊಂಡು ನಿಧಾನವಾಗಿ ಎಡಗಡೆಗೆ ಬನ್ನಿ.
4. ಬ್ರೇಕ್ಕನ್ನು ಒಂದೇ ಸಲ ಒತ್ತಿ, ಬಿಡದೆ ಬಲ ಹೆಚ್ಚಿಸುತ್ತಾ ಹೋಗಿ. ಪೆಡಲ್ ಗಟ್ಟಿಯಾದರೆ ಬ್ರೇಕ್ ಫೇಲ್ ಆಗಿದೆ ಎಂದು ಕಾಲು ತೆಗೆಯಬೇಡಿ, ಇನ್ನೂ ಜೋರಾಗಿ ತುಳಿಯಿರಿ.
5. ಹ್ಯಾಂಡ್‌ಬ್ರೇಕ್ ಕೊನೆಯ ಉಪಾಯ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಲಾಕ್ ಆಗಿ ಕಾರು ತಿರುಗಬಹುದು. ಬೇಕೇ ಆದರೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ.

ಕಾರು ನಿಂತ ಮೇಲೆ

ಹೆದ್ದಾರಿಯಲ್ಲಿ ನಿಂತ ಕಾರಿಗೆ ಹಿಂದಿನಿಂದ ಬರುವ ಲಾರಿಯೇ ದೊಡ್ಡ ಅಪಾಯ. ಎಲ್ಲರೂ ಎಡಬದಿಯ ಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಮಕ್ಕಳನ್ನು, ಹಿರಿಯರನ್ನು ‘ಬಿಸಿಲು, ಒಳಗೇ ಇರಿ’ ಎಂದು ಕೂರಿಸಬೇಡಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ವೇಗದ ರಸ್ತೆಯಲ್ಲಿ ಇನ್ನೂ ದೂರ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.

ಸದ್ದಿಲ್ಲದೆ ನಿಂತಿದ್ದರೆ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದು. ಆದರೆ ಬಡಿಯುವ ಸದ್ದು, ಹೊಗೆ, ಆಯಿಲ್ ಸೋರಿಕೆ, ನೀರಿಗಿಳಿದ ಕಾರು, ಇವುಗಳಲ್ಲಿ ಯಾವುದಿದ್ದರೂ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೋಯಿಂಗ್ ಖರ್ಚು ಉಳಿಸಲು ಹೋಗಿ ಪೂರ್ತಿ ಎಂಜಿನ್ ಕಳೆದುಕೊಳ್ಳಬೇಕಾದೀತು.

‘ಕೆಂಪು ಆಯಿಲ್ ಲೈಟ್ ಬಂದರೆ ಮುಂದಿನ ಬಂಕ್‌ನಲ್ಲಿ ಆಯಿಲ್ ಹಾಕಿಸಿದರಾಯ್ತು’

ಇದೂ ತಪ್ಪು. ಕೆಂಪು ಎಣ್ಣೆಗಿಂಡಿಯ ದೀಪ ಹೇಳುವುದು ಆಯಿಲ್‌ನ ಒತ್ತಡ ಬಿದ್ದಿದೆ ಎಂದು. ಎಂಜಿನ್ ಹಾಳಾಗಲು ಆಗ ಕೆಲವೇ ನಿಮಿಷ ಸಾಕು. ಸುರಕ್ಷಿತ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಟರ್ಬೊ ಕಾರಿದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಆಯಿಲನ್ನೇ ಹಾಕಿಸಿ, ದೂರದ ಪ್ರಯಾಣಕ್ಕೆ ಮುನ್ನ ಡಿಪ್‌ಸ್ಟಿಕ್ ನೋಡಿ.

ನೆನಪಿಡಬೇಕಾದದ್ದು: ಎಂಜಿನ್ ನಿಂತರೆ ಪಂಪ್ ಮಾಡಬೇಡಿ, ಕೀ ತೆಗೆಯಬೇಡಿ, ಒಮ್ಮೆ ಒತ್ತಿದ ಬ್ರೇಕ್ ಬಿಡಬೇಡಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಈ ಮೂರು ಮಾತು ತಿಳಿಸಿ.