ಸಿಂಡ್ರೋಮ್: ಜೊತೆಗೂಡಿ ಓಡಿಬಂದ ಪದ

ಉಚ್ಚಿಲದಲ್ಲಿ ಹೆದ್ದಾರಿಯ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು, ಮಣಿಪಾಲದ ಬಸ್ಸು ಹಿಡಿಯುವವರ ಕೈಯಲ್ಲಿ ಆಸ್ಪತ್ರೆಯ ಚೀಟಿಗಳನ್ನು ನೀವು ನೋಡಿರಬಹುದು. ಅಂಥ ಒಂದು ಚೀಟಿಯಲ್ಲಿ ‘ಕಾರ್ಪಲ್ ಟನಲ್ ಸಿಂಡ್ರೋಮ್’ ಎಂದು ಬರೆದಿದೆ ಎನ್ನಿ. ವರ್ಷಗಟ್ಟಲೆ ಬೀಡಿ ಕಟ್ಟಿದ ತಾಯಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ರಾತ್ರಿ ಅದು ಹೆಚ್ಚು. ಹಿಡಿದ ಲೋಟ ಕೈಜಾರುತ್ತದೆ. ಪಿಯುಸಿ ಓದುವ ಮಗನನ್ನು ಆಕೆ ಕೇಳುತ್ತಾಳೆ: “ಸಿಂಡ್ರೋಮ್ ಅಂದ್ರೆ ಎಂತ ಮಗಾ? ದೊಡ್ಡ ಸೀಕಾ?” ಅವನು ಏನು ಹೇಳಬೇಕು?

ಪದವನ್ನು ಬಿಡಿಸಿ ನೋಡೋಣ. ಗ್ರೀಕ್ ಭಾಷೆಯಲ್ಲಿ ‘ಸಿನ್’ ಎಂದರೆ ಜೊತೆಗೆ, ‘ಡ್ರೋಮೋಸ್’ ಎಂದರೆ ಓಟ. ಕುದುರೆ ಓಡುವ ಅಂಗಳ ಹಿಪ್ಪೊಡ್ರೋಮ್. ಹಿಂದಕ್ಕೂ ಓಡುವ ಪದ ಪ್ಯಾಲಿಂಡ್ರೋಮ್. ನಮ್ಮ ‘ವಿಕಟಕವಿ’ಯ ಹಾಗೆ. ಜೊತೆಯಾಗಿ ಓಡಿಬರುವ ಲಕ್ಷಣಗಳ ಗುಂಪೇ ಸಿಂಡ್ರೋಮ್. ಸಂಸ್ಕೃತದಲ್ಲಿ ಚಲನೆಯನ್ನು ಹೇಳುವ ‘ದ್ರಮ್’ ಎಂಬ ಧಾತು ಇದೇ ಓಟದ ದಾಯಾದಿ. ಪುರಾತನ ಗ್ರೀಕ್ ವೈದ್ಯ ಗ್ಯಾಲೆನ್ ಈ ಪದವನ್ನು ಬಳಸಿದ್ದ. ಅವನ ಗ್ರಂಥವೊಂದರ ಅನುವಾದದ ಮೂಲಕ 1541ರಲ್ಲಿ ಇದು ಇಂಗ್ಲಿಷಿಗೆ ಬಂತು.

ಕಾಗುಣಿತದ ವಿಷಯ. ಇಂಗ್ಲಿಷಿನಲ್ಲಿ ಬರೆಯುವಾಗ ‘ವೈ’ ಬದಲು ‘ಐ’ ಹಾಕುವ, ಕೊನೆಯ ‘ಇ’ ಬಿಟ್ಟುಬಿಡುವ ವಿದ್ಯಾರ್ಥಿಗಳು ಬಹಳ. ‘ವೈ’ ಗ್ರೀಕಿನ ಉಪ್ಸಿಲಾನ್ ಅಕ್ಷರದ ಗುರುತು. ಕೊನೆಯ ‘ಇ’ ಮೂಲದಲ್ಲಿ ಪೂರ್ಣ ಸ್ವರವಾಗಿತ್ತು. ಹಿಂದೆ ಇಂಗ್ಲಿಷಿನವರೂ ‘ಸಿಂಡ್ರೊಮೀ’ ಎಂದು ಮೂರು ಉಚ್ಚಾರಾಂಶಗಳಲ್ಲಿ ಹೇಳುತ್ತಿದ್ದುದುಂಟು.

ಇನ್ನೊಂದು ಪದ ‘ಸಿಂಪ್ಟಮ್’. ಇದರಲ್ಲಿರುವುದೂ ಅದೇ ‘ಸಿನ್’. ಮುಂದೆ ‘ಪ’ಕಾರ ಬಂದದ್ದರಿಂದ ‘ನ್’ ಹೋಗಿ ‘ಮ್’ ಆಯಿತು. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ‘ಸಂತೋಷ’ದ ಸೊನ್ನೆಯನ್ನು ನ್ ಎಂದೂ ‘ಸಂಪಾದನೆ’ಯ ಸೊನ್ನೆಯನ್ನು ಮ್ ಎಂದೂ ಅವರು ಓದುತ್ತಲೇ ಇದ್ದಾರೆ. ಇಂಗ್ಲಿಷ್ ಕಾಗುಣಿತ ಬೇರ್ಪಡಿಸಿದ ಎರಡು ಪದಗಳನ್ನು ಕನ್ನಡದ ಒಂದು ಸೊನ್ನೆ ಮತ್ತೆ ಕೂಡಿಸಿಬಿಡುತ್ತದೆ! (ಗ್ರೀಕಿನ ‘ಸಿನ್’, ಸಂಸ್ಕೃತದ ‘ಸಂ’ ಒಂದೇ ಮೂಲದವು ಎಂದು ಮಾತ್ರ ದುಡುಕಬೇಡಿ; ಅರ್ಥ ಹತ್ತಿರವಾದರೆ ನಂಟು ಸಿದ್ಧವಾಗುವುದಿಲ್ಲ.)

ಸಿಂಪ್ಟಮ್ ಎಂದರೆ ‘ಜೊತೆಗೆ ಬಿದ್ದದ್ದು’, ಅಂದರೆ ಒದಗಿಬಂದದ್ದು. ಅದರ ಉತ್ತರಾರ್ಧದ ಧಾತುವೂ ಸಂಸ್ಕೃತದ ‘ಪತ್’ ಧಾತುವೂ ಒಂದೇ ಮೂಲದವು. ಹಾಗಾದರೆ ‘ಸನ್ನಿಪಾತ’ವೂ ಜೊತೆಗೆ ಬೀಳುವುದೇ ತಾನೆ? ಹೌದು, ಚಿತ್ರ ಒಂದೇ. ಆದರೆ ಅರ್ಥ ಬೇರೆ. ಉಚ್ಚಿಲದಿಂದ ಉಡುಪಿಗೆ ಹೋಗುವ ದಾರಿಯ ಸಮೀಪದಲ್ಲೇ ಇರುವ ಕುತ್ಪಾಡಿಯ ಆಯುರ್ವೇದ ಕಾಲೇಜಿನಲ್ಲಿ ಕೇಳಿದರೆ, ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಡುವುದು ಸನ್ನಿಪಾತ ಎನ್ನುತ್ತಾರೆ. ಅಲ್ಲಿ ಕೂಡಿ ಬೀಳುವುದು ರೋಗದ ಕಾರಣ. ಗ್ರೀಕರಲ್ಲಿ ಕೂಡಿ ಬಿದ್ದದ್ದು ರೋಗದ ಲಕ್ಷಣ. ಆಯುರ್ವೇದದಲ್ಲಿ ಲಕ್ಷಣಕ್ಕೆ ‘ರೂಪ’ ಎಂದೂ ರೋಗಕ್ಕೆ ಮುಂಚೆ ಕಾಣುವ ಸೂಚನೆಗೆ ‘ಪೂರ್ವರೂಪ’ ಎಂದೂ ಹೆಸರು. ಮಣಿಪಾಲದ ವೈದ್ಯಕೀಯ ಕಾಲೇಜಿನಲ್ಲಿ ‘ಪ್ರೊಡ್ರೋಮ್’, ಅಂದರೆ ‘ಮುಂದೋಡಿ ಬಂದದ್ದು’, ಎಂದು ಕಲಿಸುವುದು ಈ ಪೂರ್ವರೂಪವನ್ನೇ. ಜ್ವರದ ಭರದಲ್ಲಿ ಬಡಬಡಿಸುವವರಿಗೆ ‘ಸನ್ನಿ’ ಎನ್ನುತ್ತೇವಲ್ಲ, ಅದು ಸನ್ನಿಪಾತದ ಮೊಂಡು ರೂಪ.

ಸಿಂಡ್ರೋಮಿಗೆ ಕನ್ನಡದಲ್ಲಿ ‘ಲಕ್ಷಣಕೂಟ’ ಎನ್ನುವುದುಂಟು. ನನಗೆ ಇದು ಒಪ್ಪಿಗೆ. ‘ರೋಗ’ ಎಂದು ಅನುವಾದಿಸುವುದು ಮಾತ್ರ ಸರಿಯಲ್ಲ. ಕಾರಣ ತಿಳಿಯುವ ಮೊದಲೇ ಇಡಬಹುದಾದ ಹೆಸರು ಇದು. ಏಡ್ಸ್‌ಗೆ ಆ ಹೆಸರು ಬಂದದ್ದು 1982ರಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ಸು ಸಿಕ್ಕಿದ್ದು 1983ರಲ್ಲಿ.

ನಮ್ಮ ಮಲೆನಾಡಿನಲ್ಲೇ ಒಂದು ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬಡ ಕೃಷಿಕೂಲಿ ಕುಟುಂಬಗಳ ಹಲವರಿಗೆ ಸೊಂಟದ ಕೀಲು, ಮಂಡಿ ನೋವು ಬಂದು ನಡಿಗೆಯೇ ಕೆಟ್ಟಿತು. ಕೆಲವರು ಕುಳ್ಳಾಗಿ ಉಳಿದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿರಬೇಕೆಂದು ಮೊದಲು ಸಂಶಯಪಟ್ಟರು. 1977ರಲ್ಲಿ ಸಂಶೋಧಕರು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರ್ಣಿಸಿದರು. ಮುಂದಿನ ಅಧ್ಯಯನಗಳು ಇದು ಮೂಳೆಯ ಬೆಳವಣಿಗೆಯಲ್ಲಿನ ಅನುವಂಶಿಕ ದೋಷವೆಂದು ತೋರಿಸಿದವು. ಕಾರಣದ ವಿವರಣೆ ಹೀಗೆ ಬದಲಾಗುತ್ತಿದ್ದಾಗ ‘ಹಂದಿಗೋಡು ಸಿಂಡ್ರೋಮ್’ ಎಂಬ ಹೆಸರು ಯಾವ ಕಾರಣಕ್ಕೂ ಕಟ್ಟುಬೀಳದೆ ಉಳಿಯಿತು. ಒಂದು ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡದ್ದು ಮಾತ್ರ ಆ ಊರಿನವರಿಗೆ ಹೊರೆಯೇ.

ಉಚ್ಚಿಲದ ತಾಯಿಗೆ ಮಗ ಹೀಗೆನ್ನಬಹುದು: “ಮಣಿಕಟ್ಟಿನಲ್ಲಿ ಒಂದು ನರ ಅದುಮಿದೆ ಅಮ್ಮ. ಜೋಮು, ನೋವು, ಹಿಡಿತ ತಪ್ಪುವುದು ಎಲ್ಲ ಒಟ್ಟಿಗೆ ಬರುವುದು ಅದರಿಂದ. ಅದುಮಿದ್ದು ಯಾಕೆ ಎಂದು ಈ ಹೆಸರು ಹೇಳುವುದಿಲ್ಲ.” ಬೀಡಿಯ ಕೆಲಸವೇ ಇರಬಹುದು, ಥೈರಾಯ್ಡ್ ಕೊರತೆ ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಚೀಟಿಯ ಕೆಳಗೆ ರಕ್ತಪರೀಕ್ಷೆ ಬರೆದಿದ್ದರೆ ಅದಕ್ಕೇ.